ಕೇಳಿಸಿದ್ದನ್ನು ಮರಳಿ ಹೇಳುವ ಶಿಸ್ತು

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲೇ ಮಂಡಕಳ್ಳಿ ವಿಮಾನ ನಿಲ್ದಾಣವಿದೆ. ಸಂಸ್ಥಾನದ ಕಾಲದಲ್ಲಿ, 1940ರಲ್ಲಿ, ರೂಪುಗೊಂಡ ಈ ನಿಲ್ದಾಣ ದಶಕಗಳ ಕಾಲ ಹೆಚ್ಚುಕಡಿಮೆ ಹೆಸರಿಗಷ್ಟೇ ಉಳಿದು, 2010ರ ಮೇ ತಿಂಗಳಲ್ಲಿ ಹೊಸ ಕಟ್ಟಡದೊಂದಿಗೆ ಮತ್ತೆ ಬಾಗಿಲು ತೆರೆಯಿತು. ರನ್‌ವೇ ಚಿಕ್ಕದು. ಎಟಿಆರ್ ಮಾದರಿಯ ಸಣ್ಣ ವಿಮಾನಗಳಿಗೆ ಸಾಕಾಗುವಷ್ಟು. ಅದನ್ನು ಉದ್ದ ಮಾಡುವ ಮಾತು ಬಹಳ ವರ್ಷಗಳಿಂದ ನಡೆಯುತ್ತಲೇ ಇದೆ. ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ಕಪಿಲಾ ನದಿ, ಅದರ ದಂಡೆಯ ಮೇಲೆ ನಂಜನಗೂಡು. ನಿಲ್ದಾಣದ ಗೋಪುರಕ್ಕೂ ನದಿಯ ದಂಡೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಗೋಪುರದಲ್ಲಿ ಕುಳಿತವರು ಪೈಲಟ್‌ಗಳೊಡನೆ ಮಾತನಾಡುವ ರೀತಿಯಲ್ಲಿ ನದಿಯ ದಂಡೆಯವರು ಕಲಿಯಬೇಕಾದ ಪಾಠವೊಂದಿದೆ ಎಂಬುದು ನನ್ನ ನಂಬಿಕೆ. ಮಳೆಗಾಲ ಬಂದಾಗಲೆಲ್ಲ ಆ ನಂಬಿಕೆ ಇನ್ನಷ್ಟು ಬಲವಾಗುತ್ತದೆ.

ಆ ಮಾತುಕತೆಯನ್ನು ಮೊದಲ ಸಲ ಕೇಳಿದವರಿಗೆ ಅದು ತೀರ ಶುಷ್ಕವೆನಿಸುತ್ತದೆ. ‘ಬನ್ನಿ, ಕೂತ್ಕೊಳ್ಳಿ, ಕಾಫಿ ಆಯ್ತೆ’ ಎಂದು ಆರಂಭವಾಗದ ಮಾತನ್ನು ಮಾತೆಂದೇ ಒಪ್ಪದ ನಮ್ಮ ಮೈಸೂರು ಸೀಮೆಯವರಿಗಂತೂ ಅದರಲ್ಲಿ ಸೌಜನ್ಯವೇ ಇಲ್ಲವೆನಿಸೀತು. ಭಾರತದ ಆಕಾಶದಲ್ಲಿ ‘ನಮಸ್ತೆ’ ಎಂಬ ಒಂದು ಪದಕ್ಕೆ ಜಾಗವುಂಟು, ಅಷ್ಟೆ. ಉಳಿದಂತೆ ಯಾರನ್ನು ಕರೆಯುತ್ತಿದ್ದೇವೆ, ಕರೆಯುತ್ತಿರುವವರು ಯಾರು, ಏನಾಗಬೇಕು ಎಂಬಷ್ಟೇ ವಿಷಯ. ‘ಐದು ಸಾವಿರ ಅಡಿಗೆ ಇಳಿಯಿರಿ’ ಎಂದು ನಿಯಂತ್ರಕರು ಹೇಳಿದರೆ, ‘ಐದು ಸಾವಿರ ಅಡಿಗೆ ಇಳಿಯುತ್ತಿದ್ದೇನೆ’ ಎಂದು ಪೈಲಟ್ ತನ್ನ ವಿಮಾನದ ಗುರುತನ್ನೂ ಸೇರಿಸಿ ಮರಳಿ ನುಡಿಯಬೇಕು. ಬರಿದೇ ‘ಸರಿ’ ಎಂದರೆ ಸಾಲದು. ಎತ್ತರ, ದಿಕ್ಕು, ವೇಗ, ರನ್‌ವೇಯ ಸಂಖ್ಯೆ, ವಾಯುಭಾರದ ಅಳತೆ, ಏರಲು ಇಳಿಯಲು ದಾಟಲು ಕೊಟ್ಟ ಅನುಮತಿ, ಇವೆಲ್ಲವನ್ನೂ ಶಬ್ದಶಃ ಹಿಂದಿರುಗಿಸಲೇಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. ಹಿಂದಿರುಗಿ ಬಂದದ್ದನ್ನು ನಿಯಂತ್ರಕರು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಅಲ್ಲೇ ತಿದ್ದಬೇಕು. ಹೀಗೆ ಒಂದು ಸಂದೇಶಕ್ಕೆ ಮೂರು ಹೆಜ್ಜೆ: ಹೇಳುವುದು, ಮರಳಿ ಹೇಳುವುದು, ಮರಳಿ ಹೇಳಿದ್ದನ್ನು ಕೇಳುವುದು. ಮೂರನೆಯ ಹೆಜ್ಜೆಯೇ ಎಲ್ಲಕ್ಕಿಂತ ಕಷ್ಟದ್ದು ಎನ್ನುತ್ತಾರೆ. ಏಕೆಂದರೆ ತಾನು ಹೇಳಿದ್ದೇ ಮರಳಿ ಬರುತ್ತದೆಂದು ಕಿವಿ ಮೊದಲೇ ನಂಬಿಬಿಟ್ಟಿರುತ್ತದೆ.

ಪದಗಳ ವಿಷಯದಲ್ಲೂ ಇದೇ ಕಟ್ಟುನಿಟ್ಟು. ಚಲನಚಿತ್ರಗಳ ದೆಸೆಯಿಂದ ನಮಗೆಲ್ಲ ಪರಿಚಿತವಾದ ‘ರಾಜರ್’ ಎಂಬ ಮಾತಿಗೆ ಆಕಾಶದಲ್ಲಿ ‘ನಿಮ್ಮ ಮಾತು ಪೂರ್ತಿ ಕೇಳಿಸಿತು’ ಎಂದಷ್ಟೇ ಅರ್ಥ. ಒಪ್ಪಿದೆ ಎಂದಾಗಲೀ, ಹಾಗೇ ಮಾಡುತ್ತೇನೆ ಎಂದಾಗಲೀ ಅಲ್ಲ. ಹೌದು ಎನ್ನಲು ‘ಅಫರ್ಮ್’ ಎಂಬ ಬೇರೆ ಪದವಿದೆ. ತಿಳಿಯಿತು, ಅದರಂತೆ ನಡೆಯುತ್ತೇನೆ ಎನ್ನಲು ‘ವಿಲ್ಕೊ’ ಎಂಬ ಇನ್ನೊಂದು ಪದವಿದೆ. ‘ಸ್ಟ್ಯಾಂಡ್‌ಬೈ’ ಎಂದರೆ ಕಾಯಿರಿ ಎಂದರ್ಥವೇ ಹೊರತು ಅನುಮತಿಯೂ ಅಲ್ಲ, ನಿರಾಕರಣೆಯೂ ಅಲ್ಲ. ಈಗ ನಮ್ಮ ‘ಹೂಂ’ ಎಂಬುದನ್ನು ನೆನೆಯಿರಿ. ಕೇಳಿಸಿತು, ಒಪ್ಪಿದೆ, ಮಾಡುತ್ತೇನೆ, ಸದ್ಯ ಬಿಟ್ಟರೆ ಸಾಕು ಎಂಬ ನಾಲ್ಕೂ ಅರ್ಥಗಳನ್ನು ಒಂದೇ ಉಸಿರಿನಲ್ಲಿ ಹೊರುವ ಸಾಮರ್ಥ್ಯ ಅದಕ್ಕಿದೆ. ಕಚೇರಿಗಳಲ್ಲಿ ಕೇಳಿಬರುವ ‘ಆಯ್ತು ಸಾರ್’ ಅದರ ತಮ್ಮ.

ನನ್ನ ಪರಿಚಯದ ನಿವೃತ್ತ ನಿಯಂತ್ರಕರೊಬ್ಬರಿದ್ದಾರೆ. ಕೆಲಸ ಬಿಟ್ಟು ವರ್ಷಗಳಾದರೂ ಅವರಿಗೆ ಈ ಅಭ್ಯಾಸ ಹೋಗಿಲ್ಲ. ದಿನಸಿ ಅಂಗಡಿಗೆ ಫೋನು ಮಾಡಿದರೆ ‘ಎರಡು ಕಿಲೋ ತೊಗರಿಬೇಳೆ, ಅರ್ಧ ಕಿಲೋ ಉದ್ದಿನಬೇಳೆ. ನೀವೊಮ್ಮೆ ಹೇಳಿ ಸ್ವಾಮಿ’ ಎನ್ನುತ್ತಾರೆ. ಮನೆಯವರು ನಗುತ್ತಾರೆ. ಆದರೆ ಆ ಮನೆಗೆ ಬೇರೆಯವರ ಸಾಮಾನು ಎಂದೂ ಬಂದಿಲ್ಲವೆಂಬುದನ್ನು ಅವರ ಮನೆಯಾಕೆಯೇ ಒಪ್ಪುತ್ತಾರೆ.

ಈ ಶಿಸ್ತು ಯಾರೋ ವಿದ್ವಾಂಸರು ಕುಳಿತು ಕಲ್ಪಿಸಿದ್ದಲ್ಲ. ಅದರ ಒಂದೊಂದು ನಿಯಮದ ಹಿಂದೆಯೂ ಶವಗಳಿವೆ. 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ದಟ್ಟ ಮಂಜು ಕವಿದಿತ್ತು. ನೆರೆಯ ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ದೊಡ್ಡ ವಿಮಾನಗಳೆಲ್ಲ ಈ ಪುಟ್ಟ ನಿಲ್ದಾಣಕ್ಕೆ ಬಂದು ಸೇರಿದ್ದವು. ಡಚ್ ಕಂಪನಿ ಕೆಎಲ್‌ಎಂನ ಜಂಬೊ ವಿಮಾನ ರನ್‌ವೇಯ ಒಂದು ತುದಿಯಲ್ಲಿ ಹೊರಡಲು ನಿಂತಿತ್ತು. ಅಮೆರಿಕದ ಪ್ಯಾನ್ ಆಮ್ ಕಂಪನಿಯ ಇನ್ನೊಂದು ಜಂಬೊ ಅದೇ ರನ್‌ವೇ ಮೇಲೆ ಎದುರಿನಿಂದ ನಿಧಾನವಾಗಿ ಸಾಗಿ ಬರುತ್ತಿತ್ತು. ಗೋಪುರದವರು ಕೆಎಲ್‌ಎಂಗೆ ಕೊಟ್ಟದ್ದು ಮೇಲೇರಿದ ನಂತರ ಅನುಸರಿಸಬೇಕಾದ ಮಾರ್ಗದ ವಿವರ ಮಾತ್ರ, ಮೇಲೇರುವ ಅನುಮತಿಯಲ್ಲ. ಸಹ ಪೈಲಟ್ ಆ ವಿವರವನ್ನು ಮರಳಿ ನುಡಿದು, ಕೊನೆಯಲ್ಲಿ ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಮಾತೊಂದನ್ನು ಸೇರಿಸಿದರು. ಹೊರಡಲು ಸಿದ್ಧರಾಗಿ ನಿಂತಿದ್ದೇವೆ ಎಂದೋ, ಹೊರಟೇಬಿಟ್ಟಿದ್ದೇವೆ ಎಂದೋ? ಗೋಪುರದವರು ‘ಓಕೆ’ ಎಂದರು. ಅದರ ಬೆನ್ನಿಗೇ, ಕಾಯಿರಿ, ನಾನೇ ಕರೆಯುತ್ತೇನೆ ಎಂದೂ ಹೇಳಿದರು. ಅದೇ ಗಳಿಗೆಯಲ್ಲಿ ಪ್ಯಾನ್ ಆಮ್‌ನವರೂ ತಾವಿನ್ನೂ ರನ್‌ವೇ ಮೇಲೆಯೇ ಇರುವುದಾಗಿ ಸಾರಿದರು. ಒಂದೇ ತರಂಗಾಂತರದಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಕೇಳಿಸುವುದು ಕೀರಲು ಸದ್ದು. ಡಚ್ ಪೈಲಟ್‌ಗಳ ಕಿವಿಗೆ ಸ್ಪಷ್ಟವಾಗಿ ಬಿದ್ದದ್ದು ‘ಓಕೆ’ ಒಂದೇ. ಅವರ ಎಂಜಿನಿಯರ್, ಆ ಇನ್ನೊಂದು ವಿಮಾನ ದಾರಿ ಬಿಟ್ಟಿಲ್ಲವೇನೋ ಎಂದು ಅನುಮಾನದಿಂದ ಕೇಳಿದರು. ಕ್ಯಾಪ್ಟನ್ ಕಂಪನಿಯ ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳುವಷ್ಟು ಹೆಸರುವಾಸಿ, ಹಿರಿಯರು. ಬಿಟ್ಟಿದೆ ಎಂದು ಖಚಿತ ದನಿಯಲ್ಲಿ ಹೇಳಿಬಿಟ್ಟರು. ಎಂಜಿನಿಯರ್ ಮತ್ತೆ ಬಾಯಿ ತೆರೆಯಲಿಲ್ಲ. 583 ಜನ ಸತ್ತರು. ವಿಮಾನಯಾನದ ಚರಿತ್ರೆಯಲ್ಲಿ ಅಪಘಾತವೊಂದರಲ್ಲಿ ಇಷ್ಟು ಜನ ಸತ್ತದ್ದು ಅದರ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಆ ಬಳಿಕ ‘ಟೇಕಾಫ್’ ಎಂಬ ಪದಕ್ಕೇ ಬೇಲಿ ಹಾಕಲಾಯಿತು. ನಿಜವಾಗಿ ಮೇಲೇರಲು ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿಯನ್ನು ಹಿಂದೆಗೆದುಕೊಳ್ಳುವಾಗ ಮಾತ್ರ ಆ ಪದ ಬಾಯಿಗೆ ಬರಬೇಕು. ಉಳಿದ ಸಂದರ್ಭಗಳಲ್ಲಿ ‘ಡಿಪಾರ್ಚರ್’ ಎನ್ನಬೇಕು. ಒಂದು ಪದವನ್ನು ಹೀಗೆ ಮೀಸಲಿಡುವುದರ ಬೆಲೆ ಏನೆಂದು ನಮ್ಮ ಆಡಳಿತಗಾರರಿಗೆ ಅರ್ಥವಾಗಬೇಕು.

ನಮ್ಮ ದೇಶದ ದುರಂತ ಇನ್ನೊಂದು ಬಗೆಯದು. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಅರೇಬಿಯಾದ ಜಂಬೊ ವಿಮಾನವೂ ಕಜಕಸ್ತಾನದ ವಿಮಾನವೂ ಡಿಕ್ಕಿ ಹೊಡೆದು, ಎರಡರಲ್ಲೂ ಇದ್ದ 349 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ದೆಹಲಿಯಿಂದ ಏರುತ್ತಿದ್ದ ವಿಮಾನಕ್ಕೆ 14,000 ಅಡಿ, ದೆಹಲಿಗೆ ಇಳಿಯುತ್ತಿದ್ದ ವಿಮಾನಕ್ಕೆ 15,000 ಅಡಿ ಎಂದು ನಿಗದಿಯಾಗಿತ್ತು. ಕಜಕ್ ವಿಮಾನ ತನ್ನ ಮಿತಿಯನ್ನು ಮೀರಿ ಕೆಳಗಿಳಿದಿತ್ತು. ಅದರಲ್ಲಿ ರೇಡಿಯೊ ನಿಭಾಯಿಸುತ್ತಿದ್ದವರು ಬೇರೆ, ವಿಮಾನ ನಡೆಸುತ್ತಿದ್ದವರು ಬೇರೆ. ರೇಡಿಯೊದವರಿಗೆ ತಮ್ಮದೇ ಆದ ಎತ್ತರಮಾಪಕ ಎದುರಿಗಿರಲಿಲ್ಲ. ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡಬೇಕಿತ್ತು. ಅಂದರೆ ಗೋಪುರಕ್ಕೆ ಉತ್ತರ ಕೊಟ್ಟ ಬಾಯಿಯೇ ಬೇರೆ, ವಿಮಾನವನ್ನು ನಡೆಸಿದ ಕೈಯೇ ಬೇರೆ. ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ನೇತೃತ್ವದಲ್ಲಿ ತನಿಖೆ ನಡೆಯಿತು. ಡಿಕ್ಕಿ ತಪ್ಪಿಸುವ ಎಚ್ಚರಿಕೆ ಉಪಕರಣ ಭಾರತದಲ್ಲಿ ಕಡ್ಡಾಯವಾದದ್ದು, ಬರುವ ಹೋಗುವ ವಿಮಾನಗಳಿಗೆ ಬೇರೆ ಬೇರೆ ದಾರಿ ಏರ್ಪಟ್ಟದ್ದು ಆಮೇಲೆ. ಇಂಗ್ಲಿಷ್ ಮಾತನಾಡುವ, ಅರ್ಥಮಾಡಿಕೊಳ್ಳುವ ಸಾಮರ್ಥ್ಯಕ್ಕೆ ಆರು ಮಟ್ಟಗಳನ್ನು ಗೊತ್ತುಮಾಡಿ, ಅಂತಾರಾಷ್ಟ್ರೀಯ ಹಾರಾಟಕ್ಕೆ ಕನಿಷ್ಠ ನಾಲ್ಕನೆಯ ಮಟ್ಟ ಬೇಕೆಂಬ ಜಾಗತಿಕ ನಿಯಮ 2008ರಲ್ಲಿ ಜಾರಿಗೆ ಬಂದದ್ದಕ್ಕೂ ಇಂಥ ದುರಂತಗಳೇ ಕಾರಣ.

ಅತಿ ವಿನಯವೂ ಕೊಲ್ಲುತ್ತದೆ. 1990ರ ಜನವರಿಯಲ್ಲಿ ನ್ಯೂಯಾರ್ಕಿನ ಬಳಿ ಕೊಲಂಬಿಯಾದ ವಿಮಾನವೊಂದು ಇಂಧನ ಮುಗಿದು ಬಿದ್ದು 73 ಜನ ಸತ್ತರು. ಇಂಧನ ಕಡಿಮೆಯಾಗುತ್ತಿದೆ, ಆದ್ಯತೆ ಕೊಡಿ ಎಂದು ಅವರು ಕೇಳಿದ್ದರು. ಆದರೆ ತುರ್ತುಸ್ಥಿತಿ ಎಂಬ ಪದವನ್ನು ಬಳಸಲಿಲ್ಲ. ‘ಮೇಡೇ’ ಎಂದು ಮೂರು ಸಲ ಕೂಗಿದ್ದರೆ ಆಕಾಶವೇ ಖಾಲಿಯಾಗಿ ಅವರಿಗೆ ದಾರಿ ಬಿಡುತ್ತಿತ್ತು. ನಮ್ಮ ಮಂಗಳೂರಿನಲ್ಲಿ 2010ರ ಮೇ 22ರಂದು 158 ಜನರನ್ನು ಬಲಿ ತೆಗೆದುಕೊಂಡ ದುರಂತದಲ್ಲಿ ಸಹ ಪೈಲಟ್ ಇಳಿಯುವುದು ಬೇಡ, ಮತ್ತೆ ಏರೋಣ ಎಂದು ಮೂರು ಸಲ ಹೇಳಿದ್ದು ಧ್ವನಿಮುದ್ರಿಕೆಯಿಂದ ತಿಳಿದುಬಂತು. ಕ್ಯಾಪ್ಟನ್ ಕಿವಿಗೊಡಲಿಲ್ಲ. ಅದು ಗೋಪುರದೊಡನೆ ಆಡಿದ ಮಾತಲ್ಲ, ಪಕ್ಕದಲ್ಲೇ ಕುಳಿತವರೊಡನೆ ಆಡಿದ ಮಾತು. ಆದರೂ ರೋಗ ಅದೇ. ಹಿರಿಯರಿಗೆ ಕಿರಿಯರು ಎಚ್ಚರಿಕೆ ಹೇಳಿದರೆ, ಹಿರಿಯರು ಅದಕ್ಕೆ ಉತ್ತರಿಸಲೇಬೇಕು ಎಂಬ ಕಡ್ಡಾಯ ಇರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೆಂಜಾರಿನ ಆ ಕಂದರ ಸಾಕ್ಷಿ.

ಯಾರೂ ಸಾಯದ ಘಟನೆಯೊಂದನ್ನೂ ಹೇಳಬೇಕು, ಏಕೆಂದರೆ ನನ್ನ ವಾದಕ್ಕೆ ಅದೇ ಹತ್ತಿರದ್ದು. 2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಕೋಲ್ಕತ್ತಕ್ಕೂ ಭುವನೇಶ್ವರಕ್ಕೂ ಹೊರಟ ಎರಡು ವಿಮಾನಗಳು ಪಕ್ಕಪಕ್ಕದ ಎರಡು ರನ್‌ವೇಗಳಿಂದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮೇಲೇರಿ ಒಂದರತ್ತ ಒಂದು ಸರಿಯತೊಡಗಿದವು. ಎರಡರಲ್ಲೂ ಸೇರಿ ನಾನೂರಕ್ಕೂ ಹೆಚ್ಚು ಜನರಿದ್ದರು. ರಾಡಾರ್ ಮುಂದೆ ಕುಳಿತಿದ್ದ ನಿಯಂತ್ರಕರು ಅದನ್ನು ಕಂಡು ತಕ್ಷಣ ದಿಕ್ಕು ಬದಲಿಸಲು ಹೇಳಿದ್ದರಿಂದ ಅನಾಹುತ ತಪ್ಪಿತು. ಆದದ್ದಿಷ್ಟೆ: ಅಂದು ಒಂದೇ ರನ್‌ವೇ ಬಳಸುವುದೆಂದು ಪಾಳಿಯ ಮುಖ್ಯಸ್ಥರು ತೀರ್ಮಾನಿಸಿದ್ದರು, ಆ ತೀರ್ಮಾನ ದಕ್ಷಿಣದ ಗೋಪುರಕ್ಕೆ ತಲುಪಿರಲಿಲ್ಲ. ಎರಡು ಗೋಪುರಗಳವರೂ ತಮ್ಮ ತಮ್ಮ ತಿಳಿವಳಿಕೆಯಂತೆ ಸರಿಯಾಗಿಯೇ ಅನುಮತಿ ಕೊಟ್ಟರು. ಪೈಲಟ್‌ಗಳಿಬ್ಬರೂ ಅದರಂತೆ ಹೊರಟರು. ಆಕಾಶದೊಡನೆ ಆಡುವ ಮಾತಿನಲ್ಲಿದ್ದ ಶಿಸ್ತು ಒಂದೇ ನಿಲ್ದಾಣದ ಎರಡು ಕೊಠಡಿಗಳ ನಡುವಿನ ಮಾತಿನಲ್ಲಿ ಇರಲಿಲ್ಲ. ಘಟನೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿರಲಿಲ್ಲವೆಂದು ವಿಮಾನಯಾನ ನಿರ್ದೇಶನಾಲಯದ ಅಧಿಕಾರಿಗಳೇ ಆಮೇಲೆ ಹೇಳಿದರು.

ಎರಡು ಕೊಠಡಿ ಎಂದಾಗ ನನ್ನ ಮನಸ್ಸು ತಿರುಮಕೂಡಲು ನರಸೀಪುರಕ್ಕೆ ಹೋಗುತ್ತದೆ. ಅಲ್ಲಿ ಕಾವೇರಿಯೂ ಕಪಿಲೆಯೂ ಕೂಡುತ್ತವೆ. ಕಾವೇರಿಯ ನೀರನ್ನು ಕೃಷ್ಣರಾಜಸಾಗರದಲ್ಲಿ ಬಿಡುವವರು ಒಂದು ಕೊಠಡಿಯಲ್ಲಿದ್ದಾರೆ. ಕಪಿಲೆಯ ನೀರನ್ನು ಎಚ್.ಡಿ. ಕೋಟೆ ಸೀಮೆಯ ಬೀಚನಹಳ್ಳಿಯ ಕಬಿನಿ ಜಲಾಶಯದಲ್ಲಿ ಬಿಡುವವರು ಇನ್ನೊಂದರಲ್ಲಿದ್ದಾರೆ. ನಿಗಮ ಒಂದೇ. ಆದರೆ ನೀರು ಎರಡು ದಾರಿಯಿಂದ, ಎರಡು ಹೊತ್ತಿನಲ್ಲಿ ಬರುತ್ತದೆ. ಎರಡೂ ಕಡೆಯವರು ತಮ್ಮ ತಮ್ಮ ಜಲಾಶಯದ ಮಟ್ಟಿಗೆ ಸರಿಯಾಗಿಯೇ ನಡೆದುಕೊಂಡರೂ, ಸಂಗಮದ ಮೆಟ್ಟಿಲ ಮೇಲೆ ನಿಂತವನ ಕಾಲಡಿಗೆ ಬರುವುದು ಎರಡರ ಮೊತ್ತ.

2019ರ ಆಗಸ್ಟ್‌ನಲ್ಲಿ ವಯನಾಡಿನ ಮಳೆಗೆ ಕಬಿನಿಯಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಬೇಕಾಯಿತು. ಕಬಿನಿ ಜಲಾಶಯದ ಒಟ್ಟು ಸಾಮರ್ಥ್ಯ 19.52 ಟಿಎಂಸಿ ಅಡಿ. ಲಕ್ಷ ಕ್ಯೂಸೆಕ್ ಎಂದರೆ ದಿನಕ್ಕೆ 8.64 ಟಿಎಂಸಿ ಅಡಿ. ಅಂದರೆ ಎರಡೂಕಾಲು ದಿನದಲ್ಲಿ ಒಂದು ಇಡೀ ಜಲಾಶಯದಷ್ಟು ನೀರು ನಂಜನಗೂಡಿನ ಮುಂದೆ ಹರಿದುಹೋಗುತ್ತದೆ. ಮಲ್ಲನಮೂಲೆ ಮಠದ ಬಳಿ ಹೆದ್ದಾರಿ ಮುಳುಗಿ ಮೈಸೂರು ಸಂಪರ್ಕ ಕಡಿದುಹೋಯಿತು. ತೋಪಿನ ಬೀದಿ, ಹಳ್ಳದಕೇರಿಗಳಂಥ ತಗ್ಗಿನ ಬಡಾವಣೆಗಳ ಜನ ಗಂಟುಮೂಟೆ ಕಟ್ಟಿಕೊಂಡು ಪರಿಹಾರ ಕೇಂದ್ರಗಳಿಗೆ ನಡೆದರು. ಹಿಂದಿನ ವರ್ಷ, 2018ರಲ್ಲೂ ಪ್ರವಾಹದ ಪಾಡು ಇದ್ದೇ ಇತ್ತು. ಇಂಥ ಪ್ರತಿ ಸಂದರ್ಭದಲ್ಲೂ ಹೊರಡುವ ಪ್ರಕಟಣೆಯ ಧಾಟಿ ನಮಗೆಲ್ಲ ಬಾಯಿಪಾಠವಾಗಿದೆ. ಯಾವುದೇ ಕ್ಷಣದಲ್ಲಿ ಹೆಚ್ಚಿನ ನೀರನ್ನು ಹೊರಬಿಡುವ ಸಾಧ್ಯತೆ ಇದ್ದು, ನದಿಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕಾಗಿ ವಿನಂತಿ.

ಈ ವಾಕ್ಯವನ್ನು ಗೋಪುರದ ನಿಯಮಗಳ ಮುಂದಿಟ್ಟು ನೋಡಿ. ಯಾರಿಗೆ ಹೇಳುತ್ತಿದೆ? ‘ನದಿಪಾತ್ರದ ಜನರಿಗೆ’. ಹಾಗೆಂದರೆ ಯಾರೂ ತನಗೇ ಎಂದುಕೊಳ್ಳುವುದಿಲ್ಲ. ಎಷ್ಟು? ‘ಹೆಚ್ಚಿನ’. ಯಾವಾಗ? ‘ಯಾವುದೇ ಕ್ಷಣದಲ್ಲಿ’. ತಲುಪಿತೆಂದು ಹೇಳುವವರು ಯಾರು? ಆ ಪ್ರಶ್ನೆಗೆ ವಾಕ್ಯದಲ್ಲಿ ಜಾಗವೇ ಇಲ್ಲ. ಪ್ರಕಟಣೆ ಹೊರಡಿಸಿದ ಕಡತ ಮಾತ್ರ ಭದ್ರವಾಗಿರುತ್ತದೆ.

ಅಳತೆಯ ವಿಷಯಕ್ಕೆ ಬರೋಣ. ಜಲಾಶಯಗಳ ಮಟ್ಟವನ್ನು ಪತ್ರಿಕೆಗಳು ಒಂದೇ ಚೌಕಟ್ಟಿನಲ್ಲಿ ಮುದ್ರಿಸುತ್ತವೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಕಬಿನಿಯದು 2,284 ಅಡಿ. ಕಬಿನಿ ಕನ್ನಂಬಾಡಿಗಿಂತ ಹದಿನೆಂಟು ಪಟ್ಟು ಆಳವೆ? ಅಲ್ಲ. ಒಂದನ್ನು ಕಟ್ಟೆಯ ತಳದಿಂದ ಅಳೆದಿದೆ, ಇನ್ನೊಂದನ್ನು ಸಮುದ್ರಮಟ್ಟದಿಂದ. ಎಂಜಿನಿಯರುಗಳಿಗೆ ಇದು ಗೊತ್ತು, ಓದುಗರಲ್ಲಿ ಎಷ್ಟು ಜನಕ್ಕೆ ಗೊತ್ತು? ವಿಮಾನದಲ್ಲೂ ಇದೇ ಗೊಂದಲಕ್ಕೆ ಅವಕಾಶವಿದೆ. ಎತ್ತರವನ್ನು ನಿಲ್ದಾಣದ ನೆಲದಿಂದ ಲೆಕ್ಕ ಹಾಕುತ್ತಿದ್ದೇವೆಯೋ ಸಮುದ್ರಮಟ್ಟದಿಂದಲೋ ಎಂಬುದು ಎತ್ತರಮಾಪಕಕ್ಕೆ ಯಾವ ವಾಯುಭಾರವನ್ನು ಕೊಟ್ಟಿದ್ದೇವೆ ಎಂಬುದರ ಮೇಲೆ ನಿಂತಿದೆ. ಆದಕಾರಣವೇ ಆ ಸಂಖ್ಯೆಯನ್ನು ಪೈಲಟ್ ಪ್ರತಿಸಲವೂ ಮರಳಿ ನುಡಿಯಬೇಕು.

ಇನ್ನು ಸಂಖ್ಯೆಗಳ ಉಚ್ಚಾರ. ರೇಡಿಯೊದ ಗರಗರ ಸದ್ದಿನಲ್ಲಿ ‘ಫೈವ್’ ಮತ್ತು ‘ನೈನ್’ ಒಂದರಂತೆ ಒಂದು ಕೇಳಿಸುತ್ತವೆಂದು ಆಕಾಶದಲ್ಲಿ ಒಂದನ್ನು ‘ಫೈಫ್’, ಮತ್ತೊಂದನ್ನು ‘ನೈನರ್’ ಎನ್ನುತ್ತಾರೆ. ಎತ್ತರ ಹತ್ತು ಸಾವಿರ ಅಡಿ ಎನ್ನಬೇಕಾದರೂ ‘ಒಂದು, ಸೊನ್ನೆ, ಸಾವಿರ’ ಎಂದು ಬಿಡಿಸಿ ಹೇಳುತ್ತಾರೆ. ಕನ್ನಡದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮೂರು, ಆರು, ನೂರು ಪ್ರಾಸಕ್ಕೆ ಚೆಂದ, ಫೋನಿಗಲ್ಲ. ಇಪ್ಪತ್ತಕ್ಕೂ ಎಪ್ಪತ್ತಕ್ಕೂ ಇರುವ ಅಂತರ ಒಂದೇ ಒಂದು ಸ್ವರ. ಮಳೆ ಹೊಡೆಯುತ್ತಿರುವ ರಾತ್ರಿ, ಒಡೆದೊಡೆದು ಬರುವ ಮೊಬೈಲ್ ದನಿಯಲ್ಲಿ, ‘ಇಪ್ಪತ್ತು ಸಾವಿರ’ಕ್ಕೂ ‘ಎಪ್ಪತ್ತು ಸಾವಿರ’ಕ್ಕೂ ನಡುವೆ ಎಷ್ಟು ಮನೆಗಳಿವೆ ಎಂದು ನಂಜನಗೂಡಿನವರಿಗೆ ವಿವರಿಸಬೇಕಿಲ್ಲ. ‘ಏಳು, ಸೊನ್ನೆ, ಸಾವಿರ’ ಎನ್ನಲು ಒಂದು ಕ್ಷಣ ಹೆಚ್ಚು ಬೇಕು. ಇದಕ್ಕಿಂತಲೂ ಗಂಭೀರವಾದದ್ದು ‘ಬಿಡಿ’ ಎಂಬ ಪದ. ನೀರು ಬಿಡಿ ಎಂದರೆ ಗೇಟು ಎತ್ತಿ. ಇರಲಿ ಬಿಡಿ ಎಂದರೆ ಎತ್ತಬೇಡಿ. ಆಡುಮಾತಿನಲ್ಲಿ ಎರಡೂ ಅರ್ಥಗಳನ್ನು ನಾವು ಸಂದರ್ಭದಿಂದ ಗ್ರಹಿಸುತ್ತೇವೆ. ಸಂದರ್ಭವೇ ಕೈಕೊಡುವ ಗಳಿಗೆಗೆ ಬೇರೊಂದು ಪದ ಬೇಕು. ಟೆನೆರಿಫ್ ನಂತರ ಆಕಾಶದವರು ಒಂದು ಪದಕ್ಕೆ ಹಾಕಿದಂಥ ಬೇಲಿಯನ್ನು ನಾವು ಈ ಪದಕ್ಕೂ ಹಾಕಬಹುದು.

ಇದು ಬರಿಯ ಊಹೆಯ ಮಾತಲ್ಲ. ಕಬಿನಿಯ ಜಲಾನಯನದಲ್ಲೇ, ಗಡಿಯ ಆಚೆ ವಯನಾಡಿನಲ್ಲಿ, ಬಾಣಾಸುರ ಸಾಗರ ಎಂಬ ಜಲಾಶಯವಿದೆ. 2018ರ ಆಗಸ್ಟ್‌ನ ಮಹಾಮಳೆಯಲ್ಲಿ ಅದರ ಗೇಟುಗಳನ್ನು ಸಾಕಷ್ಟು ಮುನ್ಸೂಚನೆ ಇಲ್ಲದೆ ತೆರೆಯಲಾಯಿತೆಂಬ ದೂರು ಎದ್ದಿತು. ಕೇರಳದ ವಿದ್ಯುತ್ ಮಂಡಳಿ ತನ್ನನ್ನು ಸಮರ್ಥಿಸಿಕೊಂಡಿತು. ಆ ವಿವಾದದಲ್ಲಿ ಯಾರು ಸರಿ ಎಂಬ ತೀರ್ಪು ನನ್ನ ಕೆಲಸವಲ್ಲ. ಆದರೆ ‘ಹೇಳಿದ್ದೆವು’, ‘ಹೇಳಲಿಲ್ಲ’ ಎಂಬ ಜಗಳ ಹುಟ್ಟುವುದಕ್ಕೆ ಆಸ್ಪದವಿರುವುದೇ ಸಂದೇಶ ಮರಳಿ ಬಾರದ ಕಡೆ. ವಿಮಾನ ನಿಲ್ದಾಣದಲ್ಲಿ ಗೋಪುರದ ಪ್ರತಿಯೊಂದು ಮಾತೂ ಧ್ವನಿಮುದ್ರಣವಾಗುತ್ತದೆ, ಕನಿಷ್ಠ ಮೂವತ್ತು ದಿನ ಅದನ್ನು ಕಾಪಾಡಬೇಕು. ಅಲ್ಲಿ ಇಂಥ ಜಗಳಕ್ಕೆ ಒಂದು ಗಂಟೆಯಲ್ಲಿ ಉತ್ತರ ಸಿಗುತ್ತದೆ.

ಆಕಾಶದ ಭಾಷೆ ಇಂಗ್ಲಿಷ್ ಎಂಬುದು ಕೆಲವರಿಗೆ ಕಸಿವಿಸಿ ತರುತ್ತದೆ. ಆಡಳಿತದಲ್ಲಿ ಕನ್ನಡ ಬೇಕೆಂದು ವಾದಿಸುವವರಲ್ಲಿ ನಾನೂ ಒಬ್ಬ. ಆದರೂ ಇಲ್ಲಿ ನನಗೆ ವಿರೋಧ ಕಾಣುವುದಿಲ್ಲ. ಗೋಪುರದೊಡನೆ ಒಬ್ಬ ಪೈಲಟ್ ಆಡುವ ಮಾತನ್ನು ಅದೇ ತರಂಗಾಂತರದಲ್ಲಿರುವ ಉಳಿದ ಪೈಲಟ್‌ಗಳೂ ಕೇಳಿಸಿಕೊಳ್ಳುತ್ತಿರುತ್ತಾರೆ. ಯಾರು ಎಲ್ಲಿದ್ದಾರೆಂಬ ಚಿತ್ರ ಅವರ ಮನಸ್ಸಿನಲ್ಲಿ ಮೂಡುವುದು ಹಾಗೆ. 2000ದ ಮೇ ತಿಂಗಳಲ್ಲಿ ಪ್ಯಾರಿಸ್ ನಿಲ್ದಾಣದಲ್ಲಿ ಫ್ರೆಂಚ್ ವಿಮಾನದೊಡನೆ ಫ್ರೆಂಚ್‌ನಲ್ಲೂ ಬ್ರಿಟಿಷ್ ವಿಮಾನದೊಡನೆ ಇಂಗ್ಲಿಷ್‌ನಲ್ಲೂ ಗೋಪುರದವರು ಮಾತನಾಡುತ್ತಿದ್ದರು. ರನ್‌ವೇ ಮೇಲೆ ಇನ್ನೊಂದು ವಿಮಾನ ಬರುತ್ತಿದೆಯೆಂದು ಬ್ರಿಟಿಷರಿಗೆ ತಿಳಿಯಲಿಲ್ಲ. ಡಿಕ್ಕಿಯಲ್ಲಿ ಒಬ್ಬ ಪೈಲಟ್ ಪ್ರಾಣ ಬಿಟ್ಟರು. ಕೇಳುತ್ತಿರುವ ಎಲ್ಲರಿಗೂ ಅರ್ಥವಾಗುವ ಭಾಷೆಯೇ ಎಚ್ಚರಿಕೆಯ ಭಾಷೆ ಎಂಬುದಷ್ಟೇ ಇಲ್ಲಿನ ನ್ಯಾಯ. ಅದೇ ನ್ಯಾಯದಿಂದ ಕಪಿಲೆಯ ದಂಡೆಯ ಭಾಷೆ ಕನ್ನಡವಾಗಬೇಕು, ಅದೂ ದಂಡೆಯವರ ಕನ್ನಡ. ‘ಹೊರಹರಿವು 80,000 ಕ್ಯೂಸೆಕ್’ ಎಂಬುದು ಎಂಜಿನಿಯರರ ಭಾಷೆ. ಸ್ನಾನಘಟ್ಟದ ಹದಿನಾರು ಕಾಲು ಮಂಟಪ ಎಷ್ಟು ಮುಳುಗುತ್ತದೆ, ಸುತ್ತೂರಿನ ಸೇತುವೆಯ ಮೇಲೆ ನೀರು ಬರುತ್ತದೆಯೇ, ತೋಪಿನ ಬೀದಿಯ ಎಷ್ಟನೆಯ ಮನೆಯವರೆಗೆ, ಎಷ್ಟು ಗಂಟೆಯ ಹೊತ್ತಿಗೆ? ನಂಜನಗೂಡಿನ ಮುದುಕಿಯೊಬ್ಬಳು ಮಂಟಪವನ್ನು ನೋಡಿಯೇ ನದಿಯ ಮನಸ್ಸನ್ನು ಅಳೆಯುತ್ತಾಳೆ. ಅವಳಿಗೆ ಸಂಖ್ಯೆ ಕೊಟ್ಟು ಮಂಟಪವನ್ನು ಕಸಿದುಕೊಳ್ಳುವುದು ನ್ಯಾಯವಲ್ಲ. ಎರಡನ್ನೂ ಕೊಡಬೇಕು.

ಇಂದಿನ ದಿನಗಳಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಿವೆ, ಎಲ್ಲರಿಗೂ ಕ್ಷಣಾರ್ಧದಲ್ಲಿ ತಲುಪುತ್ತದೆ ಎನ್ನುವವರಿದ್ದಾರೆ. ಎರಡು ನೀಲಿ ಗೆರೆ ಮೂಡಿತೆಂದರೆ ಸಂದೇಶ ತೆರೆಯಿತೆಂದಷ್ಟೇ ಅರ್ಥ. ಅದು ‘ರಾಜರ್’ಗಿಂತಲೂ ಕಡಿಮೆ. ಕೈಮುಗಿಯುವ ಚಿತ್ರ, ಹೆಬ್ಬೆರಳಿನ ಚಿತ್ರಗಳೂ ಅಷ್ಟೆ. ಸಿಬ್ಬಂದಿ ಸಾಲದು, ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುತ್ತಾರೆ, ಇಂಥ ಔಪಚಾರಿಕತೆಗೆ ಬಿಡುವೆಲ್ಲಿ ಎಂಬ ಆಕ್ಷೇಪಣೆ ಇನ್ನೊಂದು. ಬಿಡುವು ಇಲ್ಲದವರಿಗಾಗಿಯೇ ಈ ಔಪಚಾರಿಕತೆ ಹುಟ್ಟಿದ್ದು. ಗೋಪುರದವರಿಗೂ ಬಿಡುವಿಲ್ಲ. ದಣಿದ ಮನುಷ್ಯ ಯೋಚಿಸದೆಯೂ ಸರಿಯಾಗಿ ನಡೆದುಕೊಳ್ಳಲೆಂದೇ ಮಾತನ್ನು ಅಚ್ಚಿಗೆ ಹಾಕಿಟ್ಟಿದೆ. ರೈಲ್ವೆಯಲ್ಲಿ ಇದು ಅಜ್ಜನ ಕಾಲದಿಂದ ನಡೆದುಬಂದಿದೆ. ಗೇಟು ಮುಚ್ಚಿದ್ದೇನೆಂದು ಗೇಟ್‌ಮನ್ ಫೋನಿನಲ್ಲಿ ಹೇಳಿದರೆ ಸ್ಟೇಷನ್ ಮಾಸ್ಟರು ಒಪ್ಪುವುದಿಲ್ಲ. ತನ್ನ ಹಾಳೆಯಲ್ಲಿರುವ ಗುಪ್ತ ಸಂಖ್ಯೆಯೊಂದನ್ನು ಗೇಟ್‌ಮನ್ ಕೊಡಬೇಕು, ಅದು ಎರಡೂ ಕಡೆ ದಾಖಲಾಗಬೇಕು. ಅದರಲ್ಲಿ ಯಾರಿಗೂ ಅವಮಾನವಿಲ್ಲ.

ಅವಮಾನದ ಮಾತೇ ಬಹುಶಃ ಇದರ ತಿರುಳು. ನಮ್ಮ ಕಚೇರಿಗಳಲ್ಲಿ ಮೇಲಿನವರು ಹೇಳಿದ್ದನ್ನು ‘ಇನ್ನೊಮ್ಮೆ ಹೇಳಿ ಸಾರ್’ ಎಂದರೆ ಕೇಳಿದವನು ದಡ್ಡನಾಗುತ್ತಾನೆ. ಮೇಲಿನವರೇ ‘ನಾನು ಹೇಳಿದ್ದನ್ನು ಹೇಳು ನೋಡೋಣ’ ಎಂದರೆ ಅದು ಗದರಿಕೆಯಾಗುತ್ತದೆ. ಆಕಾಶದಲ್ಲಿ ಮೂವತ್ತು ವರ್ಷ ಹಾರಿದ ಕ್ಯಾಪ್ಟನ್ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ನಿಯಂತ್ರಕಿಗೆ ಅಕ್ಷರಕ್ಷರ ಮರಳಿ ನುಡಿಯುತ್ತಾನೆ, ಮತ್ತು ಅರ್ಥವಾಗದಿದ್ದರೆ ‘ಮತ್ತೆ ಹೇಳಿ’ ಎನ್ನುತ್ತಾನೆ. ಅಲ್ಲಿ ಅದು ಪದ್ಧತಿ. ಜಿಲ್ಲಾಧಿಕಾರಿಗಳ ಕಚೇರಿಯಿಂದ ತಹಶೀಲ್ದಾರರಿಗೆ, ಅವರಿಂದ ಗ್ರಾಮ ಆಡಳಿತ ಅಧಿಕಾರಿಗೆ, ಅಲ್ಲಿಂದ ಡಂಗುರದವನಿಗೋ ಧ್ವನಿವರ್ಧಕದ ಆಟೋದವನಿಗೋ ಹೋಗುವ ಮಾತು ಚರ್ಖಿ ದಾದ್ರಿಯ ಆ ವಿಮಾನದೊಳಗಿನ ಮಾತಿನಂತೆ ಬಾಯಿಂದ ಬಾಯಿಗೆ ದಾಟುತ್ತದೆ. ಮೇಲಿನ ಮೂರು ಕೊಂಡಿಗಳು ಭದ್ರವಾಗಿದ್ದು ಕೊನೆಯದು ಸಡಿಲವಾದರೆ ಮುಳುಗುವವನಿಗೆ ಮೊದಲ ಮೂರರಿಂದ ಪ್ರಯೋಜನವಿಲ್ಲ.

ಮುಂಗಾರಿಗೆ ಮೊದಲು ಒಂದು ದಿನವನ್ನು ಇದಕ್ಕಾಗಿ ಎತ್ತಿಡಬಹುದು. ಗೇಟು ಎತ್ತುವ ಅಗತ್ಯವಿಲ್ಲ. ಬೀಚನಹಳ್ಳಿಯಿಂದಲೂ ಕನ್ನಂಬಾಡಿಯಿಂದಲೂ ಒಂದೊಂದು ಅಣಕು ಸಂದೇಶ ಹೊರಡಲಿ: ಇಷ್ಟು ನೀರು, ಇಷ್ಟು ಗಂಟೆಗೆ, ಇಂಥ ಜಾಗದವರೆಗೆ. ಪ್ರತಿ ಹಂತದಲ್ಲೂ ಕೇಳಿದವರು ಅದನ್ನು ಮರಳಿ ಹೇಳಲಿ, ಅದರ ಧ್ವನಿಮುದ್ರಣವಾಗಲಿ. ಸಂಜೆಯ ಹೊತ್ತಿಗೆ ಅಧಿಕಾರಿಗಳು ಹಳ್ಳದಕೇರಿಯ ಕೊನೆಯ ಮನೆಗೂ ತಿರುಮಕೂಡಲಿನ ಸಂಗಮದ ದೋಣಿಯವರ ಬಳಿಗೂ ಹೋಗಿ, ಇವತ್ತು ನಿಮಗೆ ಏನು ಸುದ್ದಿ ಬಂತು ಎಂದು ಕೇಳಲಿ. ಅವರು ಹೇಳುವ ಸಂಖ್ಯೆಯನ್ನೂ ಬೆಳಿಗ್ಗೆ ಜಲಾಶಯದಿಂದ ಹೊರಟ ಸಂಖ್ಯೆಯನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಲಿ.